ಒರೆಸಿದ ಎಂಜಲು

"ಮುಟ್ಟಿ ನೋಡಿ ಮೇಡಂ, ಕಚ್ಚಲ್ಲ," ಅಂದಳು ನಾದಿನಿ.

ಕಚ್ಚುವುದಿಲ್ಲ ಅಂತ ನನಗೂ ಗೊತ್ತಿತ್ತು. ಆದರೂ ಕೈ ಮುಂದೆ ಹೋಗಲಿಲ್ಲ. ಮೇಜಿನ ತುಂಬ ಟ್ರೇಗಳು, ಟ್ರೇಗಳ ತುಂಬ ಜನ ಬಳಸಿ, ಬೈದು, ವಾಪಸ್ ಕಳಿಸಿದ ಇನ್ಹೇಲರ್‌ಗಳು. ಒಂದರ ಬಾಯಿಗೆ ಲಿಪ್‌ಸ್ಟಿಕ್ ಹತ್ತಿ ಕಪ್ಪಾಗಿತ್ತು. ಇನ್ನೊಂದರೊಳಗೆ ಜೇಬಿನ ನೂಲು, ಬಿಸ್ಕತ್ತಿನ ಪುಡಿ, ಒಂದು ಉದ್ದ ಕೂದಲು. ಮತ್ತೊಂದರ ಅಂಚನ್ನು ಯಾರೋ ಹಲ್ಲಲ್ಲಿ ಕಚ್ಚಿ ಕಚ್ಚಿ ಸೀಳಿಬಿಟ್ಟಿದ್ದರು. ಎಲ್ಲದರ ಮೇಲೂ ಒಣಗಿದ ಎಂಜಲಿನ ಹಳದಿ ಪದರ. ಕಿಟಕಿಯೇ ಇಲ್ಲದ ಆ ಕೋಣೆಯಲ್ಲಿ ಹುಳಿ ನಾತ ಗಂಟಲಿಗೇ ಇಳಿಯುತ್ತಿತ್ತು.

ಥೂ! ಸೆರಗನ್ನು ಮೂಗಿಗೆ ಒತ್ತಿಕೊಂಡೆ. ಹೆಣ ನೋಡಿ ಊಟಕ್ಕೆ ಕೂತ ಪತ್ತೇದಾರಿ ನಾನು, ಎಂಜಲು ಮಾತ್ರ ನನ್ನ ಕೈಲಿ ಆಗುವುದಿಲ್ಲ.

ನಾದಿನಿ ಅಂದರೆ ನನ್ನ ನಾದಿನಿಯಲ್ಲ. ಸತ್ತವರ ತಂಗಿ, ಅವರ ಹೆಂಡತಿಗೆ ನಾದಿನಿ. ಈ ಕೇಸಿಗೆ ನನ್ನನ್ನು ಕರೆದವಳೂ ಅವಳೇ. ಅತ್ತಿಗೆಯನ್ನು ಜೈಲಿನಿಂದ ಉಳಿಸೋದಕ್ಕೆ ಮನೆ ಮನೆ ಅಲೆಯುವ ನಾದಿನಿಯನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು. ಜನರ ಬಾಯೊಳಗೆ ಬೆರಳಿಟ್ಟುಕೊಂಡೇ ಬದುಕುವವಳಿಗೆ ಈ ಟ್ರೇಗಳು ಯಾವ ಲೆಕ್ಕ?

ಸತ್ತವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು. ಇನ್ಹೇಲರಿನ ವಾಲ್ವ್ ರೂಪಿಸುವುದರಲ್ಲೇ ತಲೆ ನರೆತವರು, ಚಿಕ್ಕಂದಿನಿಂದ ಉಬ್ಬಸದ ರೋಗಿ ಬೇರೆ. ಹೋದ ವಾರ ತಮ್ಮ ಮೇಜಿನ ಮೇಲೆ ಕವುಚಿ, ಇನ್ಹೇಲರನ್ನು ಕೈಯಲ್ಲಿ ಹಿಡಿದುಕೊಂಡೇ ಪ್ರಾಣ ಬಿಟ್ಟರು. ಅದರೊಳಗೆ ಸಿಕ್ಕಿದ್ದು ಅವರು ಕಡ್ಡಿಯಲ್ಲೂ ಮುಟ್ಟದ ಹೊಸ ಮಾದರಿಯ ವಾಲ್ವಿನ ಔಷಧದ ಡಬ್ಬಿ. ಯಾರೋ ಬದಲಾಯಿಸಿದ್ದಾರೆ. ಅವರ ಚೀಲ ತುಂಬಿ, ಔಷಧ ಕೈಗೆ ಕೊಡುವವರು ಹೆಂಡತಿ, ಅವತ್ತು ಬೆಳಿಗ್ಗೆ ಗಂಡ ಹೆಂಡತಿ ಜಗಳವಾಡಿದ್ದು ಪಕ್ಕದ ಮನೆಗೂ ಕೇಳಿಸಿತ್ತು. ಇನ್‌ಸ್ಪೆಕ್ಟರಿಗೆ ಇಷ್ಟು ಸಾಕಾಯಿತು. ಇವತ್ತು ಸಂಜೆಯೊಳಗೆ ಬೇರೆ ಯಾರನ್ನಾದರೂ ತೋರಿಸದಿದ್ದರೆ ಆಕೆಯನ್ನು ಒಳಗೆ ಹಾಕುತ್ತೇನೆ ಅಂತ ನನ್ನ ಮುಖಕ್ಕೇ ಹೇಳಿದ್ದರು.

"ನಿಮ್ಮಣ್ಣ ಇಲ್ಲೇ ಕೂತು ಟೀ ಕುಡೀತಿದ್ರಂತೆ?" ಅಂದೆ. "ಈ ನಾತದಲ್ಲಿ?"

"ಟೀ ಏನು, ಊಟಾನೂ ಮಾಡ್ತಿದ್ದ. ಇದಕ್ಕೆ ಎಂಜಲು ಕೋಣೆ ಅಂತಾನೇ ಹೆಸರು. ಬೇರೆಯವರು ವಾಪಸ್ ಬಂದದ್ದನ್ನ ಮೊದಲು ತೊಳೀತಾರೆ, ಆಮೇಲೆ ಪರೀಕ್ಷೆ ಮಾಡ್ತಾರೆ. ಅಣ್ಣ ತೊಳೆಯೋಕೆ ಬಿಡ್ತಿರ್ಲಿಲ್ಲ. ಯಾವ ಕಡೆ ಹಲ್ಲಿನ ಗುರುತಿದೆ, ಯಾವ ಕಡೆ ಎಂಜಲು ಇಳಿದಿದೆ, ಅದನ್ನೇ ನೋಡ್ತಾ ಕೂರ್ತಿದ್ದ."

"ಅದರಲ್ಲಿ ಏನು ಸಿಗುತ್ತೆ, ಮಣ್ಣು?"

"ಹೇಗೆ ಹಿಡ್ಕೊಂಡಿದ್ರು ಅಂತ ಸಿಗುತ್ತೆ." ಅವಳು ಒಂದನ್ನು ಎತ್ತಿ ಬೆಳಕಿಗೆ ಹಿಡಿದಳು. "ನೋಡಿ, ಎಂಜಲು ಒಳಗೆ ಇಳಿದು ತಳದಲ್ಲಿ ಗಟ್ಟಿಯಾಗಿದೆ. ನೆಟ್ಟಗೆ ಹಿಡ್ಕೊಂಡಿದ್ರೆ ಅಲ್ಲಿಗೆ ಹೋಗ್ತಾನೇ ಇರ್ಲಿಲ್ಲ. ಬಗ್ಗಿಕೊಂಡು, ತಲೆ ಕೆಳಗೆ ಹಾಕ್ಕೊಂಡು ಎಳೆದಿದ್ದಾರೆ. ಉಸಿರು ಸಿಗದೇ ಇದ್ದಾಗ ಎಲ್ಲರೂ ಹಾಗೇ ಬಗ್ಗೋದು."

ಬೇಡ ಬೇಡ ಅಂದರೂ ನೋಡಿದೆ. ಒಣಗಿದ ಜೊಲ್ಲು ಒಂದೇ ದಿಕ್ಕಿಗೆ ಹರಿದು ನಿಂತಿತ್ತು. ಅದನ್ನು ಒಬ್ಬ ಮನುಷ್ಯ ಬದುಕಲು ಒದ್ದಾಡುತ್ತ ಹರಿಸಿದ್ದು ಅಂದುಕೊಂಡಾಗ ವಾಕರಿಕೆಯ ಜೊತೆ ಇನ್ನೇನೋ ಬಂತು.

"ನಿಮ್ಮಣ್ಣನ ಇನ್ಹೇಲರೂ ಹೀಗೇ ಇತ್ತಾ?"

"ಇದಕ್ಕಿಂತ ಕಡೆ! ಅತ್ತಿಗೆ ಬೈದೂ ಬೈದೂ ಸೋತು ಹೋಗಿದ್ರು. ಜನ ಹೇಗೆ ಬಳಸ್ತಾರೋ ಹಾಗೇ ನಾನೂ ಬಳಸೋದು ಅನ್ನೋನು. ವರ್ಷಗಟ್ಟಲೆಯ ಕೊಳೆ ಅದರ ಮೇಲೆ."

ಮಾತು ಮುಗಿಯುವ ಮೊದಲೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು.

ನಿನ್ನೆ ಠಾಣೆಯಲ್ಲಿ ಇನ್‌ಸ್ಪೆಕ್ಟರು ಮೇಷ್ಟ್ರ ಇನ್ಹೇಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ತೋರಿಸಿದ್ದರು. ಪಾರದರ್ಶಕ ಚೀಲ, ಟ್ಯೂಬ್‌ಲೈಟಿನ ಬೆಳಕು. ನಾನು ಎಂಜಲು ಕಾಣಬಾರದೆಂದು ಅರೆಗಣ್ಣಲ್ಲಿ ನೋಡಿದ್ದೆ. ನಾದಿನಿ ಕಣ್ಣುತುಂಬ ನೋಡಿದ್ದಳು.

"ಜೊಲ್ಲು ಇತ್ತು," ಅಂದಳು ನಿಧಾನವಾಗಿ. "ಹೊಸದು, ಸಾಯುವಾಗಿನದ್ದು. ಅದರ ಕೆಳಗೆ ಏನೂ ಇರ್ಲಿಲ್ಲ ಮೇಡಂ. ಪ್ಲಾಸ್ಟಿಕ್ ಫಳಫಳ ಅಂತಿತ್ತು. ಅಂಗಡಿಯಿಂದ ತಂದ ಹಾಗೆ."

"ಹೊಸ ಇನ್ಹೇಲರ್ ಇರಬಹುದಾ?"

"ಅಲ್ಲ. ಮೂಲೆಯಲ್ಲಿ ಒಂದು ಸೀಳಿತ್ತು, ಅದು ಅಣ್ಣಂದೇ. ಯಾರೋ ತೊಳೆದಿದ್ದಾರೆ. ಬರೀ ನೀರಲ್ಲಿ ಹೋಗೋ ಕೊಳೆ ಅಲ್ಲ ಅದು."

ಡಬ್ಬಿ ಬದಲಾಯಿಸಲು ಇನ್ಹೇಲರಿನ ಬಾಯಿ ತೊಳೆಯಬೇಕಾಗಿಲ್ಲ. ಹಳೆಯದನ್ನು ಎಳೆದು ಹೊಸದನ್ನು ತುರುಕಿದರೆ ಮುಗಿಯಿತು. ಹೆಂಡತಿ ಮಾಡಿದ್ದರೆ ಅಷ್ಟೇ ಮಾಡುತ್ತಿದ್ದರು, ಆ ಕೊಳೆ ಅವರಿಗೆ ಸಂಸಾರದಷ್ಟೇ ಹಳೆಯದು. ತೊಳೆದವನು ಬೇರೆ. ಆ ಕೊಳೆಯನ್ನು ಮುಟ್ಟಲಾರದವನು.

ಅಂಥವನೊಬ್ಬ ಈ ಕಟ್ಟಡದಲ್ಲಿದ್ದ. ಮೇಷ್ಟ್ರ ಕೈಕೆಳಗೆ ಕಲಿತು, ಹೊಸ ವಾಲ್ವ್ ರೂಪಿಸಿ, ಈಗ ಅವರ ಕುರ್ಚಿಯಲ್ಲಿ ಕೂತವನು. ಯಾರ ಕೈ ಕುಲುಕಿದರೂ ಮರುಗಳಿಗೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿಕೊಳ್ಳುವವನು. ಜನ ಇಟ್ಟ ಹೆಸರು ಸ್ಪಿರಿಟ್ ಸಾಹೇಬ.

"ನೀವು ಅತ್ತಿಗೆ ಹತ್ರ ಹೋಗಿ," ಅಂದೆ. "ಅವರೊಬ್ಬರನ್ನೇ ಬಿಡ್ಬೇಡಿ. ಯಾರು ಏನು ಕೇಳಿದ್ರೂ ನಾನು ಬರೋವರೆಗೆ ಬಾಯಿ ಬಿಡೋದು ಬೇಡ ಅಂತ ಹೇಳಿ."

ಅವಳು ಕೈಗವಸು ಕಳಚಿ ಬುಟ್ಟಿಗೆ ಹಾಕಿದಳು. ಏನೋ ಹೇಳಬೇಕೆಂದು ಬಾಯಿ ತೆರೆದು, ಹೇಳದೆ ಹೊರಟುಹೋದಳು. ಅಣ್ಣನ ನೆನಪಾಗಿರಬೇಕು ಅಂದುಕೊಂಡು ನಾನು ಮೆಟ್ಟಿಲು ಹತ್ತಿದೆ.

ಪರೀಕ್ಷೆಯ ಕೋಣೆ ಬಿಳಿ ಗೋಡೆ, ಬಿಳಿ ನೆಲ, ಬಿಳಿ ಬೆಳಕು. ಗಾಜಿನ ಪೆಟ್ಟಿಗೆಯೊಳಗೆ ಒಂದು ಯಂತ್ರದ ಕೈ ಇನ್ಹೇಲರನ್ನು ಹಿಡಿದು ಅಲ್ಲಾಡಿಸುತ್ತಿತ್ತು, ಒತ್ತುತ್ತಿತ್ತು, ಬಿಡುತ್ತಿತ್ತು. ಎದುರಿಗೆ ಗಾಜಿನ ಗಂಟಲು. ಫುಸ್. ಮತ್ತೆ ಫುಸ್. ಮನುಷ್ಯನ ಬಾಯಿಯನ್ನು ಅಷ್ಟು ಚೊಕ್ಕವಾಗಿ ಮಾಡಿಟ್ಟದ್ದು ನೋಡಿದಾಗ ಕೆಳಗಿನ ಕೋಣೆಗಿಂತ ಇದೇ ಹೆಚ್ಚು ಅಸಹ್ಯ ಅನಿಸಿತು.

"ಬನ್ನಿ ಮೇಡಂ," ಅಂದ ಸ್ಪಿರಿಟ್ ಸಾಹೇಬ. ಕೈ ಕುಲುಕಲು ಬರಲಿಲ್ಲ. "ಎಂಜಲು ಕೋಣೆಯಿಂದ ಬರ್ತಿದೀರಾ? ಅಲ್ಲೇ ನಲ್ಲಿ ಇದೆ, ಕೈ ತೊಳ್ಕೊಂಡು ಬಿಡಿ."

"ನಾನು ಏನನ್ನೂ ಮುಟ್ಟಿಲ್ಲ."

"ಗಾಳಿಯಲ್ಲೂ ಇರುತ್ತೆ ಮೇಡಂ."

ನಾನು ತೊಳೆಯಲಿಲ್ಲ. ಬೇಕಂತಲೇ ಅವನ ಮೇಜಿನ ಮೇಲೆ ಎರಡೂ ಅಂಗೈ ಊರಿ ನಿಂತೆ. ಅವನ ಕಣ್ಣು ನನ್ನ ಬೆರಳುಗಳನ್ನು ಬಿಟ್ಟು ಕದಲಲಿಲ್ಲ.

"ನಿಮ್ಮ ವಾಲ್ವ್ ಬಗ್ಗೆ ಇಷ್ಟೊಂದು ದೂರು ಯಾಕೆ ಸಾರ್? ಒತ್ತಿದ್ರೂ ಔಷಧ ಬರಲ್ಲ ಅಂತ ಟ್ರೇಗಟ್ಟಲೆ ವಾಪಸ್ ಬಂದಿದೆ."

"ವಾಲ್ವಲ್ಲಿ ಏನೂ ದೋಷ ಇಲ್ಲ. ಬಳಸುವವರ ತಪ್ಪು. ಪ್ರತಿಯೊಂದನ್ನೂ ತೊಳೆದು ಇಲ್ಲಿ ಹಾಕಿದ್ದೀವಿ. ಎಲ್ಲಾ ಪಾಸ್."

"ನೆಟ್ಟಗೆ ಹಿಡಿದು ಹಾಕಿದ್ದೀರಿ."

"ಮತ್ತೆ? ನೆಟ್ಟಗೇ ಹಿಡೀಬೇಕು. ಡಬ್ಬಿ ಮೇಲೆ, ವಾಲ್ವ್ ಕೆಳಗೆ. ವಾಲ್ವಲ್ಲಿ ಒಂದು ಪುಟ್ಟ ಬಟ್ಟಲಿದೆ, ಒಂದು ಸಲಕ್ಕೆ ಬೇಕಾದಷ್ಟೇ ಔಷಧ ಹಿಡಿಯುತ್ತೆ. ಒತ್ತಿದ್ರೆ ಖಾಲಿ, ಬಿಟ್ಟರೆ ಮೇಲಿಂದ ಮತ್ತೆ ತುಂಬುತ್ತೆ. ಅಷ್ಟೇ ವಿಷಯ."

"ಬಗ್ಗಿಕೊಂಡಿದ್ರೆ?"

ಅವನು ಹತ್ತಿಯ ಡಬ್ಬಿ ಎಳೆದುಕೊಂಡ.

"ಡಬ್ಬಿ ಅರ್ಧ ಖಾಲಿಯಾಗಿ, ಅಡ್ಡ ಮಲಗಿದ ಹಾಗೆ ಹಿಡಿದ್ರೆ ಬಟ್ಟಲಿಗೆ ಔಷಧ ಇಳಿಯಲ್ಲ. ಬರೀ ಗಾಳಿ ತುಂಬುತ್ತೆ."

"ಆದರೂ ಫುಸ್ ಅನ್ನುತ್ತೆ."

"ಅನ್ನುತ್ತೆ. ತಣ್ಣಗೂ ತಾಗುತ್ತೆ."

"ಹಾಗಾದ್ರೆ ಮೇಷ್ಟ್ರ ಹಳೇ ವಾಲ್ವ್?"

"ಅದರಲ್ಲಿ ಬಟ್ಟಲಿನ ಸುತ್ತ ಒಂದು ಸಣ್ಣ ಕಟ್ಟೆ ಇತ್ತು. ಹೇಗೆ ತಿರುಗಿಸಿದ್ರೂ ಸ್ವಲ್ಪ ಔಷಧ ಅಲ್ಲೇ ನಿಲ್ಲೋದು. ಜೋಡಿಸೋದು ಕಷ್ಟ, ನಿಧಾನ. ನಾನು ಅದನ್ನ ತೆಗೆದೆ." ತೆಗೆದೆ ಅನ್ನುವಾಗ ಅವನ ಮುಖದಲ್ಲಿ ಒಂದು ಜಂಭ ಬಂದು ಹೋಯಿತು. "ಚೊಕ್ಕವಾದ ವಿನ್ಯಾಸ ಮೇಡಂ ನಂದು. ಒಂದು ಭಾಗವೂ ಹೆಚ್ಚಿಲ್ಲ."

ಉಸಿರು ಕಟ್ಟಿದವನು ಅಟೆನ್ಷನ್‌ನಲ್ಲಿ ನಿಂತು ಔಷಧ ಎಳೆಯುತ್ತಾನೆ ಅಂತ ನಂಬಿಕೊಂಡ ಮನುಷ್ಯ! ಯಂತ್ರದ ಕೈಗೆ ಉಬ್ಬಸ ಬರುವುದಿಲ್ಲ, ಗಾಜಿನ ಗಂಟಲು ಬಗ್ಗುವುದಿಲ್ಲ. ಅದನ್ನು ತಿಳಿಯಲು ಒಂದೇ ಒಂದು ಸಲ ಕೆಳಗಿನ ಕೋಣೆಗೆ ಇಳಿದು ಒಂದು ಎಂಜಲು ಇನ್ಹೇಲರನ್ನು ಕೈಗೆತ್ತಿಕೊಂಡಿದ್ದರೆ ಸಾಕಿತ್ತು. ಇವನಿಗೆ ಹೇಸಿಗೆ!

"ಮೇಷ್ಟ್ರ ಇನ್ಹೇಲರಿಗೆ ಹೊಸ ಡಬ್ಬಿ ಹಾಕಿದ್ದು ನೀವು," ಅಂದೆ. "ಹಾಕೋ ಮೊದಲು ಬಾಯಿಯನ್ನ ಸ್ಪಿರಿಟ್ಟಲ್ಲಿ ಒರೆಸಿದ್ರಿ. ಮುಟ್ಟೋಕಾಗದೆ ಒರೆಸಿದ್ರಿ. ಕಳ್ಳತನ ಮಾಡುವಾಗಲೂ ಶುಚಿ ಬಿಡೋಕೆ ಆಗ್ಲಿಲ್ಲ ಅಲ್ವಾ ನಿಮ್ಮ ಕೈಲಿ?"

ಅವನು ಕೈ ಒರೆಸುವುದನ್ನು ನಿಲ್ಲಿಸಿದ.

"ಹೌದು. ನಾನೇ ಹಾಕಿದ್ದು."

ಇಲ್ಲ ಅನ್ನುತ್ತಾನೆ, ಕೂಗಾಡುತ್ತಾನೆ ಅಂತ ಸೊಂಟ ಕಟ್ಟಿಕೊಂಡು ಬಂದಿದ್ದೆ. ಇಷ್ಟು ಸಲೀಸಾಗಿ ಒಪ್ಪುತ್ತಾನೆ ಅಂದುಕೊಂಡಿರಲಿಲ್ಲ.

"ಅವರೇ ಹಾಕು ಅಂದ್ರು ಮೇಡಂ."

"ಕಥೆ ಬೇಡ."

"ಅವರ ಇನ್ಹೇಲರಿನ ಬಾಯಿ ಫಳಫಳ ಅಂತಿದ್ರೆ ಅವರ ಕಣ್ಣಿಗೆ ಬೀಳಲ್ವಾ? ಯಾರೋ ಕದ್ದು ತೊಳೆದದ್ದನ್ನ ಅವರು ಬಾಯಿಗಿಡೋ ಪೈಕಿನಾ?"

ಈ ಪ್ರಶ್ನೆ ನನಗೇ ಹೊಳೆಯಬೇಕಿತ್ತು. ಹೊಳೆದಿರಲಿಲ್ಲ.

"ಅವರು ಹೋಗೋ ಹಿಂದಿನ ದಿನ ಮೀಟಿಂಗ್ ಮುಗಿದ ಮೇಲೆ ಜಗಳ ಆಯ್ತು," ಅಂದ. "ಎಲ್ಲರ ಎದುರಿಗಲ್ಲ, ನಾವಿಬ್ಬರೇ ಇದ್ವಿ. ನಿನ್ನ ವಾಲ್ವ್ ಯಂತ್ರಕ್ಕೆ ಕೆಲಸ ಮಾಡುತ್ತೆ, ರೋಗಿಗಲ್ಲ ಅಂದ್ರು. ಯಾರೂ ನಂಬಲ್ಲ ಸಾರ್ ಅಂದೆ. ಹಾಗಾದ್ರೆ ನನ್ನ ಮೇಲೇ ನೋಡೋಣ ಅಂತ ತಮ್ಮ ಇನ್ಹೇಲರ್ ತೆಗೆದು ಮೇಜಿನ ಮೇಲಿಟ್ರು. ಅರ್ಧ ಖಾಲಿಯಾದ ಡಬ್ಬಿ ನೀನೇ ಹಾಕು, ನಾಳೆ ನಾನು ಏನೋ ಕಿತಾಪತಿ ಮಾಡಿದೆ ಅನ್ನಬಾರದು ಅಂದ್ರು. ಆ... ಆ ಗಲೀಜು. ನನ್ನ ಕೈಲಿ ಆಗ್ಲಿಲ್ಲ. ಒರೆಸಿ ಹಾಕಿದೆ. ಅವರು ನಕ್ಕರು."

"ಇದನ್ನ ಪೊಲೀಸರಿಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೊಸ ವಾಲ್ವನ್ನೆಲ್ಲ ವಾಪಸ್ ತಗೋಬೇಕಾಗುತ್ತೆ."

"ಅದಕ್ಕೆ ಇನ್ನೊಬ್ಬರ ಹೆಂಡತಿ ಜೈಲಿಗೆ ಹೋಗ್ಲಿ."

"ಸಾಕ್ಷಿ ಇಲ್ಲ ಮೇಡಂ, ಬಿಟ್ಟು ಬಿಡ್ತಾರೆ. ನಾಲ್ಕು ದಿನ ತೊಂದರೆ ಆಗಬಹುದು ಅಷ್ಟೇ."

ಛೀ! ಕೆಳಗಿನ ಟ್ರೇಗಳಲ್ಲಿದ್ದ ಕೊಳೆಗೆ ಒಂದು ಅರ್ಥವಿತ್ತು. ಇವನ ಇಸ್ತ್ರಿ ಮಾಡಿದ ಮಾತಿನ ಮುಂದೆ ನಿಲ್ಲುವುದೇ ಮೈಗೆ ಏನೋ ಮೆತ್ತಿಕೊಂಡ ಹಾಗಿತ್ತು.

"ಅವರು ಸಾಯುವಾಗ ನೀವೆಲ್ಲಿದ್ರಿ?"

ಯಂತ್ರದ ಕೈ ಅಲ್ಲಾಡಿಸಿತು, ಒತ್ತಿತು, ಬಿಟ್ಟಿತು. ಅವನು ಆ ಕಡೆ ನೋಡುತ್ತ ನಿಂತ.

"ಬಾಗಿಲಲ್ಲಿ."

"ಯಾವ ಬಾಗಿಲಲ್ಲಿ?"

"ಅವರ ಕೋಣೆ ಬಾಗಿಲಲ್ಲಿ. ಕೆಮ್ಮು ಕೇಳಿಸ್ತು, ಹೋದೆ. ಮೇಜಿನ ಮೇಲೆ ಬಗ್ಗಿದ್ರು. ಒತ್ತುತಾ ಇದ್ರು. ಫುಸ್ ಅಂತಿತ್ತು."

"ನೀವೇನು ಮಾಡಿದ್ರಿ?"

ಅವನು ಹತ್ತಿಯ ಇನ್ನೊಂದು ತುಂಡು ತೆಗೆದ.

"ಸಾರ್, ಏನು ಮಾಡಿದ್ರಿ?"

"ಎಣಿಸಿದೆ."

ನನಗೆ ಅರ್ಥವಾಗಲಿಲ್ಲ. ಅರ್ಥವಾಗದೆಯೇ ಉಳಿದಿದ್ದರೆ ಚೆನ್ನಾಗಿತ್ತು.

"ಎಷ್ಟನೇ ಒತ್ತಿಗೆ ಔಷಧ ಬರುತ್ತೆ ಅಂತ," ಅಂದ ಸಾಹೇಬ. ದನಿ ಮೊದಲ ಸಲ ಬಿರುಕು ಬಿಟ್ಟಿತು. "ಅಭ್ಯಾಸ ಮೇಡಂ. ಯಾವ ವಾಲ್ವ್ ಕಂಡ್ರೂ ಎಣಿಸ್ತೀನಿ. ಮುಂದಿನದ್ದಕ್ಕೆ ಬರುತ್ತೆ, ಅದರ ಮುಂದಿನದ್ದಕ್ಕೆ ಬರುತ್ತೆ ಅಂತ. ನನಗೆ ಈಗಲೂ ನೆನಪಿದೆ, ಸರಿಯಾಗಿ—"

"ಹೇಳ್ಬೇಡಿ!" ಕಿರುಚಿಬಿಟ್ಟೆ. "ಆ ಸಂಖ್ಯೆ ನನಗೆ ಹೇಳ್ಬೇಡಿ."

ಅಲ್ಲೇ ಇದ್ದ ನಲ್ಲಿಯ ಹತ್ತಿರ ಹೋಗಿ ಬಾಯಿ ಮುಕ್ಕಳಿಸಿದೆ. ಗುರು ಬಾಯಿ ಬಿಟ್ಟು ಒದ್ದಾಡುತ್ತಿದ್ದಾನೆ, ಶಿಷ್ಯ ಬಾಗಿಲಲ್ಲಿ ನಿಂತು ಲೆಕ್ಕ ಹಾಕುತ್ತಿದ್ದಾನೆ. ಎಷ್ಟು ಮುಕ್ಕಳಿಸಿದರೂ ಆ ಚಿತ್ರ ಹೋಗಲಿಲ್ಲ.

"ನಾನು ಕೊಲೆಗಾರ ಅಲ್ಲ," ಅಂದ ಹಿಂದಿನಿಂದ. "ಅವರ ಹತ್ರ ಹಳೇದೂ ಇತ್ತು ಮೇಡಂ. ಹಳೇ ವಾಲ್ವಿನ ಇನ್ನೊಂದು ಇನ್ಹೇಲರ್. ಹೊಸದು ಕೈ ಕೊಟ್ರೆ ಇದಿದೆಯಲ್ಲ ಅಂತ ಚೀಲ ತಟ್ಟಿ ತೋರಿಸಿದ್ರು. ಅದಕ್ಕೇ ನಾನು ನಿಶ್ಚಿಂತೆಯಿಂದ ನಿಂತಿದ್ದೆ. ಈಗ ತೆಗೀತಾರೆ, ಈಗ ತೆಗೀತಾರೆ ಅಂತ."

"ತೆಗೆದ್ರಾ?"

"ಚೀಲಕ್ಕೆ ಕೈ ಹಾಕಿದ್ರು. ತಡಕಾಡಿದ್ರು. ಆಮೇಲೆ ಚೀಲಾನೇ ಮೇಜಿನ ಮೇಲೆ ಸುರಿದ್ರು. ಅದರಲ್ಲಿ ಇರ್ಲಿಲ್ಲ. ಆಗ ನಾನು ಆಂಬ್ಯುಲೆನ್ಸ್ ಕರೆಯೋಕೆ ಓಡಿದೆ."

ಚೀಲ. ಮತ್ತೆ ಅದೇ ಚೀಲ. ಇನ್‌ಸ್ಪೆಕ್ಟರು ಹಿಡಿದ ಎಳೆಯನ್ನು ಕತ್ತರಿಸಲು ಬಂದು, ಅದಕ್ಕೇ ಇನ್ನೊಂದು ಗಂಟು ಹಾಕಿಸಿಕೊಂಡಿದ್ದೆ.

ಇರಲಿ ಅಂದುಕೊಂಡೆ. ಡಬ್ಬಿ ಹಾಕಿದವನು ಇವನು, ಅದನ್ನು ಇವನ ಬಾಯಿಂದಲೇ ಹೇಳಿಸಿದರೆ ಅತ್ತಿಗೆಯ ಮೇಲಿನ ಕೇಸು ಇವತ್ತಿಗೆ ನಿಲ್ಲುತ್ತದೆ. ಮಿಕ್ಕದ್ದು ನಾಳೆ.

"ನಡೀರಿ ಠಾಣೆಗೆ. ನನಗೆ ಹೇಳಿದ್ದನ್ನೇ ಅಲ್ಲೂ ಹೇಳಿ. ಎಣಿಸಿದ್ದನ್ನೂ ಹೇಳಿ."

ಅವನು ಮತ್ತೆ ಸ್ಪಿರಿಟ್ ಬಾಟಲಿಗೆ ಕೈ ಚಾಚಿದ. ನಾನು ಅದನ್ನು ಕಿತ್ತುಕೊಂಡು ಕಸದ ಬುಟ್ಟಿಗೆ ಎಸೆದೆ. ಅವನು ಮರುಮಾತಾಡದೆ ಕೋಟು ಹಾಕಿಕೊಳ್ಳತೊಡಗಿದ.

ಆಗಲೇ ಫೋನು ಬಂತು. ನಾದಿನಿ.

"ಗೆದ್ವಿ ಕಣಮ್ಮ," ಅಂದೆ ಅವಳು ಬಾಯಿ ಬಿಡುವ ಮೊದಲೇ. "ಡಬ್ಬಿ ಹಾಕಿದವನು ಒಪ್ಕೊಂಡ. ಕರ್ಕೊಂಡು ಬರ್ತಿದೀನಿ. ಅತ್ತಿಗೆಗೆ ಹೇಳಿ, ಮನೆಯಲ್ಲೇ ಇರ್ಲಿ."

"ಮನೆಯಲ್ಲಿಲ್ಲ ಮೇಡಂ. ಠಾಣೆಯಲ್ಲಿದೀವಿ." ಅವಳು ಪಿಸುಗುಟ್ಟುತ್ತಿದ್ದಳು. "ನಾನು ಹೋಗೋಷ್ಟರಲ್ಲಿ ಅತ್ತಿಗೆ ತಾವಾಗೇ ಇಲ್ಲಿಗೆ ಬಂದಿದ್ರು. ಅಣ್ಣನ ಹಳೇ ಇನ್ಹೇಲರನ್ನ ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಇಟ್ಟಿದ್ದಾರೆ. ಜಗಳ ಆಡಿದ ಸಿಟ್ಟಿಗೆ ಚೀಲದಿಂದ ನಾನೇ ತೆಗೆದಿಟ್ಟೆ, ಅವರು ಸಾಯ್ಲಿ ಅಂತಾನೇ ತೆಗೆದಿಟ್ಟೆ ಅಂತ ಹೇಳಿಕೆ ಕೊಡ್ತಿದ್ದಾರೆ."

ಇಷ್ಟು ದಿನ ಯಾರ ಪರವಾಗಿ ಊರೆಲ್ಲ ಸುತ್ತಿದೆನೋ, ಮಾತುಮಾತಿಗೆ ನಾನೂ ಅತ್ತಿಗೆ ಅಂತ ಕರೆಯಲು ಶುರು ಮಾಡಿದ್ದೆನೋ, ಆ ಹೆಂಗಸು! ನನ್ನ ಮೇಲೇ ನನಗೆ ಅಸಹ್ಯವಾಯಿತು.

"ಅದು ಸುಳ್ಳು ಮೇಡಂ," ಅಂದಳು ನಾದಿನಿ.

"ಏನು ಸುಳ್ಳು? ಇನ್ಹೇಲರ್ ಅವರ ಹತ್ರಾನೇ ಸಿಕ್ಕಿದೆ ಅಂತೀರಿ."

"ಅವರಿಗೆ ಕೊಟ್ಟವಳು ನಾನು. ಅಣ್ಣ ಹೋದ ಮೇಲೆ ಕೊಟ್ಟೆ." ಅವಳ ಉಸಿರು ಫೋನಿಗೆ ಬಡಿಯುತ್ತಿತ್ತು. "ಚೀಲದಿಂದ ತೆಗೆದವಳೂ ನಾನೇ. ಹಿಂದಿನ ದಿನ ರಾತ್ರಿ ಅಣ್ಣನ ಮನೆಗೆ ಊಟಕ್ಕೆ ಹೋಗಿದ್ದೆ. ಅವನು ಬಚ್ಚಲಲ್ಲಿದ್ದ. ಆ ಕೊಳೆ ಅವನ ಬಾಯಿಗೆ ಹೋಗುತ್ತಲ್ಲ ಅಂತ ತಡ್ಕೊಳೋಕಾಗ್ಲಿಲ್ಲ. ಕ್ಲಿನಿಕ್ಕಿಗೆ ಒಯ್ದು ತೊಳೆದು, ಬೆಳಿಗ್ಗೆ ತಂದಿಡೋಣ ಅಂದ್ಕೊಂಡೆ. ಬೆಳಿಗ್ಗೆ ರೋಗಿಗಳು ಬಂದ್ರು. ಇನ್ನೊಂದು ಅವನ ಜೇಬಲ್ಲೇ ಇದೆಯಲ್ಲ, ಏನವಸರ ಅನ್ನಿಸ್ತು. ಅತ್ತಿಗೆಗೆ ಎಲ್ಲಾ ಗೊತ್ತು. ಯಾರಿಗೂ ಹೇಳ್ಬೇಡ, ನಾನು ನೋಡ್ಕೋತೀನಿ ಅಂತ ನನ್ನ ಕೈ ಹಿಡ್ಕೊಂಡ್ರು."

"ಎಲ್ಲಾ ಗೊತ್ತಿದ್ದೂ ನನ್ನನ್ನ ಯಾಕಮ್ಮ ಕರೆದೆ?"

"ಬೇರೆ ಯಾರಾದ್ರೂ ಕೊಂದಿದ್ರೆ ಸಾಕಪ್ಪಾ ಅಂತ ಕರೆದೆ," ಅಂದಳು.

ಕೋಟಿನ ಗುಂಡಿ ಹಾಕಿಕೊಂಡ ಸ್ಪಿರಿಟ್ ಸಾಹೇಬ ಬಾಗಿಲಲ್ಲಿ ನಿಂತು ನನ್ನನ್ನೇ ಕಾಯುತ್ತಿದ್ದ. ಫೋನಿನ ಆ ಕಡೆ ಕುರ್ಚಿ ಸರಿದ ಸದ್ದು. ಆಮೇಲೆ ಅತ್ತಿಗೆಯ ದನಿ ಹತ್ತಿರದಿಂದ, ಮನೆಯಲ್ಲಿ ಮಾತಾಡುವ ಹಾಗೆ ಸಮಾಧಾನವಾಗಿ ಕೇಳಿಸಿತು. ಹೇಳಿಕೆಗೆ ಸಹಿ ಹಾಕಲು ನಾದಿನಿಯ ಹತ್ತಿರ ಪೆನ್ನು ಕೇಳುತ್ತಿದ್ದರು.